ಮೋತಿಯ ಹೊಟ್ಟೆ, ನನ್ನ ಹೊಟ್ಟೆಕಿಚ್ಚು

ಮೊನ್ನೆ ಐರೋಲಿಯಲ್ಲಿ ನಮ್ಮ ಮನೆ ಹತ್ತಿರದ ಡಾಕ್ಟರು ನನ್ನ ಹೊಟ್ಟೆಯೊಳಗೆ ನಳಿಕೆ ಇಳಿಸಿ ನೋಡಿ, "ಬಾವು ಇದೆ, ಬ್ಯಾಕ್ಟೀರಿಯಾದ ಸೋಂಕೂ ಇದೆ" ಎಂದರು. ನನ್ನ ಹೆಂಡತಿ ಫಕ್ಕನೆ ನಕ್ಕುಬಿಟ್ಟಳು. "ನಮ್ಮ ಮೋತಿಗೆ ಆದದ್ದೇ!"

ಮೋತಿ ಯಾರೆಂದು ಡಾಕ್ಟರು ಕೇಳಿದರು. ಇಷ್ಟು ವರ್ಷವಾದರೂ ಆ ಹೆಸರು ಕೇಳಿದರೆ ನನಗೆ ಒಳಗೆ ಚುರ್ ಎನ್ನುತ್ತದೆ.

ಮೋತಿ ಒಂದು ನಾಯಿ. ಎಂಬತ್ತರ ದಶಕದ ಆರಂಭದಲ್ಲಿ ನಾವು ಠಾಕುರ್ಲಿಯ ಚಾಳಿನ, ಅಂದರೆ ಸಾಲುಮನೆಗಳ, ಒಂದೇ ಕೋಣೆಯಲ್ಲಿದ್ದೆವು. ಹೊಸ ಮದುವೆ. ನಾನು ಥಾಣೆಯ ಕಾರ್ಖಾನೆಗೆ ಹೊರಟರೆ ಮರಳುವಾಗ ಕತ್ತಲು. ಉಡುಪಿ ಕಡೆಯಿಂದ ಬಂದ ಅವಳಿಗೆ ಮರಾಠಿ ಬಾರದು. ಅಕ್ಕಪಕ್ಕದವರಿಗೆ ಕನ್ನಡ ಬಾರದು. ಬಾಗಿಲಲ್ಲಿ ಬಿದ್ದಿರುತ್ತಿದ್ದ ಕಂದು ಬಣ್ಣದ ಬೀದಿನಾಯಿಗೆ ಮಾತ್ರ, ಹೇಗೋ, ಕನ್ನಡ ಬಂತು. ನಾನು ಬರುವ ಹೊತ್ತಿಗೆ ಇಬ್ಬರ ಮಾತುಕತೆ ನಡೆದಿರುತ್ತಿತ್ತು. ನನ್ನನ್ನು ಕಂಡೊಡನೆ ನಿಲ್ಲುತ್ತಿತ್ತು.

"ಎಂತ ಹೇಳ್ತಾ ಇದ್ದದ್ದು?"

"ಎಂತ ಇಲ್ಲ. ಊಟಕ್ಕೆ ಬನ್ನಿ."

ಮೀನಿನ ನಡುತುಂಡು ಯಾರ ಬಾಯಿಗೆ ಹೋಗುತ್ತದೆಂದು ನಾನು ಓರೆಗಣ್ಣಿನಿಂದ ನೋಡುತ್ತಿದ್ದೆ. ನಗಬೇಡಿ, ನಿಮ್ಮ ಮನೆ ಬಾಗಿಲಲ್ಲೂ ಅಂಥದ್ದೊಂದು ನಾಯಿ ಇದ್ದಿದ್ದರೆ ತಿಳಿಯುತ್ತಿತ್ತು.

ಒಂದು ಶುಕ್ರವಾರ, ನನ್ನ ವಾರದ ರಜೆಯ ದಿನ, ಮೋತಿ ಹಳದಿ ನೊರೆ ಕಾರತೊಡಗಿತು. ಬೆನ್ನು ಬಾಗಿಸಿ ನರಳುತ್ತಿತ್ತು. ಕುಡಿದ ನೀರೂ ಒಳಗೆ ನಿಲ್ಲಲಿಲ್ಲ. ವಾಂತಿಯಲ್ಲಿ ರಕ್ತ ಕಂಡಾಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನತ್ತ ನೋಡಿದಳು. ನಾಯಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಲೋಕಲ್ ಗಾಡಿಯ ಲಗೇಜ್ ಡಬ್ಬಿ ಹತ್ತಿ, ಕಲ್ಯಾಣದ ದನದ ಡಾಕ್ಟರ ಬಳಿಗೆ ಹೊರಟೆವು.

ಗಾಡಿ ಸಿಗ್ನಲ್ಲಿನಲ್ಲಿ ನಿಂತುಬಿಟ್ಟಿತು. ಅವಳು ನಾಯಿಯ ತಲೆಯನ್ನು ಮಡಿಲಲ್ಲಿಟ್ಟುಕೊಂಡು, ನಾನು ಪಕ್ಕದಲ್ಲಿರುವುದನ್ನೇ ಮರೆತವಳಂತೆ ಹೇಳುತ್ತಿದ್ದಳು: "ಸಾಯ್ಬೇಡ ಮಾರಾಯ. ಹಗಲಿಡೀ ನಾನು ಯಾರ ಹತ್ರ ಮಾತಾಡುದು? ಅಮ್ಮನ ನೆನಪಾಗ್ತದೆ ಅಂತ ಇವರಿಗೆ ಹೇಳಿದ್ರೆ ಬೇಜಾರು ಮಾಡ್ಕೊಳ್ತಾರೆ. ನಿಂಗೆ ಮಾತ್ರ ಹೇಳಿದ್ದು."

ನನಗೆ ಆ ನಾಯಿಯ ಮೇಲೆ ಅಷ್ಟು ಹೊಟ್ಟೆಕಿಚ್ಚು ಅದಕ್ಕೆ ಮೊದಲು ಎಂದೂ ಆಗಿರಲಿಲ್ಲ. ಅದು ಬದುಕಲಿ ಎಂದು ಆಗ ಬೇಡಿಕೊಂಡಷ್ಟು ಎಂದೂ ಯಾವುದಕ್ಕೂ ಬೇಡಿಕೊಂಡದ್ದೂ ಇಲ್ಲ.

"ಪೇಟ್ ಮೇ ಸೂಜನ್ ಹೈ, ಇನ್‌ಫೆಕ್ಷನ್ ಭೀ" ಎಂದರು ಡಾಕ್ಟರು. ಕೊಳೆತದ್ದೇನೋ ತಿಂದು ಸೋಂಕು ತಗಲಿ ಹೊಟ್ಟೆಯೊಳಗೆ ಬಾವು ಬಂದಿತ್ತು. ಇಂಜೆಕ್ಷನ್ ಕೊಟ್ಟು, ಇವತ್ತು ಏನೂ ತಿನ್ನಿಸಬೇಡಿ, ನಾಳೆಯಿಂದ ತೆಳು ಗಂಜಿ ಎಂದರು.

ಮರುದಿನ ನಾನು ಕೆಲಸದಿಂದ ಬಂದಾಗ ಅವಳು ಮೋತಿಗೆ ಬೆರಳಿನಿಂದ ಗಂಜಿ ನೆಕ್ಕಿಸುತ್ತಿದ್ದಳು. ಕ್ಯಾಂಟೀನಿನ ಖಾರದ ಕಾಳುಸಾರು ಮಿಸಳ್ ತಿಂದು ನನ್ನ ಹೊಟ್ಟೆಯೂ ಉರಿಯುತ್ತಿತ್ತು. "ನಂಗೂ ಸ್ವಲ್ಪ ಗಂಜಿ ಹಾಕು" ಎಂದೆ.

"ಮೊದ್ಲು ಅವನದ್ದಾಗ್ಲಿ."

ವಾರದೊಳಗೆ ಮೋತಿ ಎದ್ದು ಬಾಲ ಆಡಿಸಿತು. ಆ ತಿಂಗಳೇ ನಾನು ರಜೆ ಹಾಕಿ ಅವಳನ್ನು ತವರಿಗೆ ಕರೆದೊಯ್ದೆ. ಬಸ್ಸು ಪನವೇಲ್ ದಾಟುವ ಮೊದಲೇ ಅವಳು ಕೇಳಿದಳು: "ಚಾಳಿನವರು ಅವನಿಗೆ ಅನ್ನ ಹಾಕ್ತಾರಲ್ವಾ?"

ಮೋತಿ ಸತ್ತು ಎಷ್ಟೋ ಕಾಲವಾಯಿತು. ಈಗಲೂ ನಾನು ಟಿವಿ ನೋಡುತ್ತ ಬರೀ ಹೂಂಗುಟ್ಟಿದರೆ, "ಅವನಾಗಿದ್ರೆ ಕಿವಿ ನಿಗುರಿಸಿ ಕೇಳ್ತಿದ್ದ" ಎನ್ನುತ್ತಾಳೆ. ನಿನ್ನೆ ಸಂಜೆಯೂ ಎಂದಳು. ನಾನು ಟಿವಿ ಆರಿಸಿ ಅವಳ ಪಕ್ಕದಲ್ಲಿ ಕೂತೆ.

"ಹೇಳು" ಎಂದೆ.

ಅಮ್ಮನ ಮನೆಯ ಬಾವಿಕಟ್ಟೆಯಿಂದ ಶುರುಮಾಡಿದಳು. ಊಟದ ಹೊತ್ತಾದರೂ ಮುಗಿದಿರಲಿಲ್ಲ.