ಕಾಲೇಜಿನ ಪುಸ್ತಕ ಒಣಗಿಸಿದ್ದು

ನಮ್ಮ ಬೀದಿಯ ಒಂದು ತುದಿಗೆ ಕೆರೆ, ಇನ್ನೊಂದು ತುದಿಗೆ ಕಾಲೇಜು. ಕೆರೆ ಯಾರ ಕಾಲದ್ದೋ ಗೊತ್ತಿಲ್ಲ. ಕಾಲೇಜಿನ ಕಲ್ಲಿನ ಕಟ್ಟಡವೂ ನನಗಿಂತ ಹಳೆಯದು. ಸಂಸೆ ಕಡೆಯ ಕಾಫಿ ತೋಟದಿಂದ ಮದುವೆಯಾಗಿ ಬಂದವಳಿಗೆ ಚಿಕ್ಕಮಗಳೂರೇ ದೊಡ್ಡ ಪಟ್ಟಣ, ಅದರಲ್ಲೂ ಈ ಬೀದಿ ಓದಿದವರ ಬೀದಿ. ನಾನು ಮೂರನೇ ಕ್ಲಾಸಿಗೆ ಬಿಟ್ಟವಳು. ಆದರೂ ಪರೀಕ್ಷೆ ಹತ್ತಿರ ಬಂತೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ಕೆರೆ ಏರಿಯ ಮೇಲೆ ಹುಡುಗ ಹುಡುಗಿಯರ ನಗು ನಿಂತು ಓದಿನ ಗುಣುಗುಣು ಶುರುವಾದರೆ ಬಂತೆಂದೇ ಲೆಕ್ಕ.

ತೋಟದಲ್ಲಿದ್ದಾಗ ಕಣದಲ್ಲಿ ಕಾಫಿ ಒಣಗಿಸಿದೆ. ಇಲ್ಲಿಗೆ ಬಂದ ಮೇಲೆ ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ ಕೂತು ಒಳ್ಳೆಯ ಬೀಜ, ಕೆಟ್ಟ ಬೀಜ ಆರಿಸಿದೆ. ಬೇರೆ ಕೆಲಸ ನನಗೆ ಬರುವುದಿಲ್ಲ. ಇದು ಮಾತ್ರ ಚೆನ್ನಾಗಿ ಬರುತ್ತದೆ.

ಹೋದ ಮಳೆಗಾಲ ಕೆರೆಯ ಕೋಡಿಗೆ ಕಸ ಕಟ್ಟಿಕೊಂಡು ನೀರು ಬೀದಿಗೆ ನುಗ್ಗಿತು. ನಮ್ಮ ಮನೆ ಎತ್ತರದಲ್ಲಿದ್ದದ್ದಕ್ಕೆ ಉಳಿಯಿತು. ಕಾಲೇಜು ಲೈಬ್ರರಿಯ ಕೆಳಗಿನ ಕೋಣೆಗೆ ನೀರು ತುಂಬಿತು. ಹಳೆಯ ಪುಸ್ತಕಗಳೆಲ್ಲ ಇದ್ದದ್ದು ಅಲ್ಲೇ. ಸೋಮವಾರ ಗುಜರಿ ಲಾರಿ ಬರುತ್ತದೆ, ಅಷ್ಟರೊಳಗೆ ಸರಿಯಾಗದ್ದೆಲ್ಲ ಅದರಲ್ಲಿ ಹೋಗಲಿ ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟಿದ್ದರು.

ಬುಧವಾರ ಮಳೆ ನಿಂತು ಹೊಳವಾಯಿತು. ಹಾಲು ತರಲು ಹೋಗುವಾಗ ನೋಡುತ್ತೇನೆ, ಲೈಬ್ರರಿ ಮೇಷ್ಟ್ರು ಪುಸ್ತಕಗಳನ್ನೆಲ್ಲ ಮೈದಾನದ ಸುಡು ಬಿಸಿಲಿಗೆ ಹರಡಿಸಿ, ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದಾರೆ.

"ಇದೇನು ಮೇಷ್ಟ್ರೆ, ಹಪ್ಪಳ ಅಂದ್ಕೊಂಡ್ರಾ?"

"ಒಣಗ್ಬೇಕಲ್ಲಮ್ಮ. ಒಳ್ಳೆ ಬಿಸ್ಲು ಬಿದ್ದಿದೆ."

"ಆ ಬಿಸ್ಲೇ ಕೇಡು. ರಟ್ಟೆಲ್ಲ ಸೊಟ್ಟ ಆಗಿದ್ದು ಕಾಣ್ಲಿಲ್ವಾ?"

ಹಣ್ಣಿನ ಸಿಪ್ಪೆ ಸುಲಿದು ತೊಳೆದ ಕಾಫಿಗೆ ಪಾರ್ಚ್‌ಮೆಂಟ್ ಎನ್ನುತ್ತೇವೆ. ಅದನ್ನು ಹಸಿಯಾಗಿಯೇ ಸುಡು ಬಿಸಿಲಿಗೆ ಹಾಕಿದರೆ ಮೇಲಿನ ಹೊಟ್ಟು ಬಿರಿಯುತ್ತದೆ, ಒಳಗೆ ನೀರು ಹಾಗೇ ಇರುತ್ತದೆ. ಮೊದಲು ನೀರು ಬಸಿಯಬೇಕು. ತೆಳ್ಳಗೆ ಹರಡಿ ಮತ್ತೆ ಮತ್ತೆ ತಿರುವಬೇಕು. ನಡು ಮಧ್ಯಾಹ್ನ ಮುಚ್ಚಬೇಕು, ಇಬ್ಬನಿ ಬೀಳುವ ಮೊದಲು ಮತ್ತೆ ಮುಚ್ಚಬೇಕು. ಇಷ್ಟನ್ನೂ ಅವರಿಗೆ ಹೇಳಿದೆ.

"ಕಾಫಿ ಬೇರೆ, ಪುಸ್ತಕ ಬೇರೆ ಅಮ್ಮ," ಎಂದರು.

"ನೀರು ಒಂದೇ ಅಲ್ವಾ ಮಾರಾಯ್ರೆ?"

ಅವರು ಸೊಟ್ಟಗಾದ ಒಂದು ರಟ್ಟನ್ನು ಎತ್ತಿ ನೋಡಿದರು. ನನ್ನ ಜೊತೆ ಬೀಜ ಆರಿಸುತ್ತಿದ್ದ ಐದು ಜನ ಹೆಂಗಸರು ಇದೇ ಬೀದಿಯಲ್ಲಿದ್ದಾರೆ. ಕರೆದೆ, ಬಂದರು. ಪುಸ್ತಕಗಳನ್ನು ಕಾಲೇಜಿನ ಉದ್ದ ಜಗಲಿಯ ನೆರಳಿಗೆ ಸಾಗಿಸಿದೆವು. ಹಾಳೆ ಬಿಡಿಸಿ ನೆಟ್ಟಗೆ ನಿಲ್ಲಿಸಿ, ನಡುವೆ ನ್ಯೂಸ್ ಪೇಪರ್ ತುರುಕಿದೆವು. ಪೇಪರ್ ಒದ್ದೆಯಾದಂತೆ ಬದಲಿಸಿದೆವು. ಎಳೆ ಬಿಸಿಲಿಗೆ ಮಾತ್ರ ಅಂಗಳಕ್ಕೆ ತಂದು, ಬಿಸಿಲು ಏರಿದ ಕೂಡಲೇ ಒಳಗಿಟ್ಟೆವು. ನಮ್ಮಲ್ಲೊಬ್ಬಳು ಹುಲಿಯ ಚಿತ್ರ ನೋಡುತ್ತಾ ನಿಂತುಬಿಟ್ಟಳು.

"ಏ ಮಾರಾಯ್ತಿ, ಈ ವಯಸ್ಸಲ್ಲಿ ಬಿ.ಎ. ಪಾಸ್ ಮಾಡ್ತೀಯಾ? ತಿರುವು, ತಿರುವು," ಎಂದು ಇನ್ನೊಬ್ಬಳು ಗದರಿದಳು.

ಭಾನುವಾರ ಆರಿಸಲು ಕೂತೆವು. ಒಳ್ಳೆಯದು ಬಲಕ್ಕೆ, ಕೆಟ್ಟದ್ದು ಎಡಕ್ಕೆ. ಬೂಷ್ಟು ಹಿಡಿದದ್ದು ಕಣ್ಣಿಗೆ ಕಾಣದಿದ್ದರೂ ಮೂಗಿಗೆ ಸಿಕ್ಕೇ ಸಿಗುತ್ತದೆ. ಎಡಗಡೆ ಗುಡ್ಡೆ ಬೆಳೆದಂತೆ ಮೇಷ್ಟ್ರ ಮುಖ ಸಣ್ಣದಾಯಿತು. ಒಂದು ದಪ್ಪ ಪುಸ್ತಕವನ್ನು ನಾನು ಎಡಕ್ಕೆ ಎಸೆದಾಗ, "ಅದು ಮತ್ತೆ ಎಲ್ಲೂ ಸಿಗೋದಿಲ್ಲಮ್ಮ," ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಜೆ ಬಲಗಡೆಯ ರಾಶಿಯನ್ನು ಇನ್ನೊಮ್ಮೆ ಮೂಸುತ್ತಾ ಬಂದೆ. ನಡುವೆ ಒಂದು ಕಡೆ ಮೂಗು ನಿಂತಿತು. ಎಳೆದು ನೋಡಿದರೆ ಅದೇ ದಪ್ಪ ಪುಸ್ತಕ.

"ಯಾರಿಟ್ಟಿದ್ದು ಇದನ್ನ?"

ಅಷ್ಟು ಓದಿದ ಮನುಷ್ಯ ಕಳ್ಳನ ಹಾಗೆ ತಲೆ ತಗ್ಗಿಸಿ ನಿಂತರು. "ಇದೊಂದು ಇರ್ಲಿ ಅಂತ..."

"ಈ ಒಂದ್ರಿಂದ ಕಪಾಟೆಲ್ಲ ಬೂಷ್ಟು ಹಿಡಿತದೆ. ಅಷ್ಟು ಆಸೆ ಇದ್ರೆ ಪ್ರಿನ್ಸಿಪಾಲ್ರ ಹತ್ರ ಕೇಳಿ ನಿಮ್ಮನೆಗೆ ತಗೊಂಡ್ಹೋಗಿ. ನಿಮ್ಮ ಹೆಂಡ್ತಿ ಬೈದ್ರೆ ನನ್ನ ಹೆಸ್ರು ಹೇಳ್ಬೇಡಿ."

ಹೆಂಗಸರೆಲ್ಲ ನಕ್ಕರು. ಕೊನೆಗೆ ಅವರೂ ನಕ್ಕರು.

ಸೋಮವಾರ ಲಾರಿ ಬಂತು. ಪ್ರಿನ್ಸಿಪಾಲರು ಜಗಲಿಗೆ ಬಂದು ಎರಡೂ ರಾಶಿ ನೋಡಿದರು.

"ಇಷ್ಟೆಲ್ಲ ಕಪಾಟಿಗೆ ವಾಪಸ್ ಇಡ್ಬಹುದು ಅಂತ ಯಾರು ಹೇಳಿದ್ದು?"

ಮೇಷ್ಟ್ರು ನನ್ನ ಕಡೆ ನೋಡಿದರು.

"ನಾನೇ ಹೇಳಿದ್ದು," ಎಂದೆ. "ಬೇಕಾದ್ರೆ ಮೂಸಿ ನೋಡಿ ಸಾರ್."

ಅವರು ಒಂದನ್ನು ತೆಗೆದು ಮೂಸಿದರು. ಇನ್ನೊಂದನ್ನೂ ಮೂಸಿದರು. ಆಮೇಲೆ ನೀರು ಏರದ ಮೇಲಿನ ಮಹಡಿಯ ಕೋಣೆಯ ಬೀಗದ ಕೈಯನ್ನು ಮೇಷ್ಟ್ರಿಗೆ ಕೊಟ್ಟರು. ಲಾರಿ ನಾನು ಬೇಡವೆಂದದ್ದನ್ನು ಮಾತ್ರ ಹೊತ್ತುಕೊಂಡು ಹೋಯಿತು.