ಅಗೆಯದೆ ಬಿಟ್ಟ ಮೂಲೆ

ನಮ್ಮ ತವರುಮನೆಯ ಮುಂಗಟ್ಟೆಗೆ ಪಾಯ ತೆಗೆಯುವಾಗ ಒಂದು ಮೂಲೆ ನನ್ನ ಪಾಲಿಗೆ ಬಂದಿತ್ತು. ಅದನ್ನು ನಾನು ಪೂರ್ತಿ ಅಗೆಯಲಿಲ್ಲ. ಅಗೆಯಲಿಲ್ಲವೆಂದು ಯಾರಿಗೂ ಹೇಳಲೂ ಇಲ್ಲ.

ಅದಾಗಿ ಎಷ್ಟೋ ವರ್ಷಕ್ಕೆ, ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಅಣ್ಣ ಶಿಗ್ಗಾವಿಯಲ್ಲಿ ಮನೆ ಕಟ್ಟಿಸಿದ. ಮೊನ್ನೆ ಅಕ್ಕಿಆಲೂರಿನಿಂದ ಮೋಟಾರು ಹತ್ತಿ ನೋಡಲು ಹೋದೆ. ಬಾಗಿಲ ಮುಂದೆ ಆಗತಾನೆ ತೋಡಿದ ಎರೆಮಣ್ಣಿನ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಆ ಹಳೆಯ ಮೂಲೆ ಕಣ್ಣ ಮುಂದೆ ಬಂತು. ನೀವು ಎರೆ ಸೀಮೆಯವರಾದರೆ ಆ ವಾಸನೆ ಗೊತ್ತಿರುತ್ತದೆ. ಅಲ್ಲದಿದ್ದರೆ, ಎರಡನೆಯ ಇಯತ್ತೆಗೆ ಶಾಲೆ ಬಿಟ್ಟ ನನ್ನ ಮಾತನ್ನೇ ನಂಬಿಕೊಳ್ಳಬೇಕು.

ಮುಂಗಟ್ಟೆಗೆ ಪಾಯ ಎಷ್ಟು ಆಳವಿರಬೇಕು ಎಂಬುದರ ಮೇಲೆ ಆಗ ನಮ್ಮಲ್ಲಿ ಮದುವೆಯ ಮಾತುಕತೆಯಷ್ಟೇ ಗದ್ದಲ ನಡೆದಿತ್ತು. ಅಪ್ಪ ಮೊಣಕಾಲುಮಟ್ಟ ಸಾಕೆಂದ. ಎದುರುಮನೆಯ ಕಾಕಾ ಸೊಂಟದ ತನಕ ಬೇಕೆಂದ. ಯಾರ ಸೊಂಟ ಎಂದು ಅವ್ವ ಕೇಳಿದಳು, ಕಾಕಾ ಬಹಳ ಕುಳ್ಳನಿದ್ದ. ಅಣ್ಣ ಮಾತ್ರ ಅಳತೆಯ ಮಾತೇ ಆಡಲಿಲ್ಲ. ಅವನು ಸವಣೂರಿನಲ್ಲಿ ದಸ್ತಗೀರಸಾಬರ ಕೈಕೆಳಗೆ ಕಲ್ಲು ಕಟ್ಟುವುದನ್ನು ಕಲಿತು ಬಂದಿದ್ದ. ಗೌಂಡಿ ಆಗಬೇಕೆಂಬುದೊಂದೇ ಅವನ ಹುಚ್ಚು. ಈ ಕಟ್ಟೆ ಅವನ ಮೊದಲ ಕೆಲಸ. ಇದನ್ನು ನೋಡಿ ಊರವರು ತನ್ನನ್ನು ಕರೆಯುತ್ತಾರೆಂದು ಕಾದಿದ್ದ.

“ಎರಿ ಬ್ಯಾಸಗ್ಯಾಗ ಬಿರೀತೈತಿ, ಮಳಿಗಾಲದಾಗ ಉಬ್ಬತೈತಿ,” ಅಂದ. “ಕೆಳಗಿನ ಗಟ್ಟಿ ಗರಸು ಮಣ್ಣು ಸಿಗೂತನಕ ಅಗೀಬೇಕು. ಅದು ಮೊಣಕಾಲಿಗರ ಸಿಗಲಿ, ಕುತ್ತಿಗಿಗರ ಸಿಗಲಿ.”

ತಾನೇ ಅಷ್ಟೂ ಅಗೆದು, ಕೊನೆಯ ಮೂಲೆಯೊಂದನ್ನು ನನಗೆ ಬಿಟ್ಟು, ಕಲ್ಲು ತರಲು ಚಕ್ಕಡಿ ಕಟ್ಟಿಕೊಂಡು ಹೋದ. ಆವತ್ತೇ ಗೆಳತಿಯ ಹೊಲದಲ್ಲಿ ಸೀತನಿ ಇತ್ತು. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿ ಕಾಳನ್ನು ಶೇಂಗಾ ಚಟ್ನಿ, ಬೆಲ್ಲದ ಜೊತೆ ಮುಕ್ಕುವ ಹಬ್ಬ ಅದು. ತೆನೆ ಬಲಿತರೆ ಮತ್ತೆ ಮುಂದಿನ ವರ್ಷವೇ. ನನ್ನ ಗುದ್ದಲಿಗೆ ಎರೆ ಮೆತ್ತಿಕೊಂಡು ಬರುತ್ತಿತ್ತೇ ಹೊರತು ಗರಸಿನ ಸುಳಿವಿರಲಿಲ್ಲ. ಅಷ್ಟರಲ್ಲಿ ಹೊಲದ ಕಡೆ ಹೊಗೆ ಎದ್ದಿತು. ಅಣ್ಣ ಅಗೆದು ಹಾಕಿದ್ದ ಗುಡ್ಡೆಯಿಂದ ಎರಡು ಬುಟ್ಟಿ ಹಳದಿ ಗರಸು ತಂದು ನನ್ನ ಮೂಲೆಯ ತಳಕ್ಕೆ ಸುರಿದೆ. ರೊಟ್ಟಿಗೆ ಎಳ್ಳು ಹಚ್ಚಿದ ಹಾಗೆ ಒಪ್ಪವಾಗಿ ತಟ್ಟಿ ತುಳಿದು ಓಡಿದೆ. ಸುಳ್ಳೇಕೆ ಹೇಳಲಿ, ಸೀತನಿ ಬಹಳ ರುಚಿಯಾಗಿತ್ತು.

ಸಂಜೆ ಅಣ್ಣ ಬಗ್ಗಿ ನೋಡಿ, ನನ್ನ ತಂಗಿ ಗಂಡಾಳಿಗೆ ಕಡಿಮೆಯಿಲ್ಲವೆಂದು ಎಲ್ಲರ ಮುಂದೆ ಹೊಗಳಿದ. ನಾನು ಹಲ್ಲಿನಲ್ಲಿ ಸಿಕ್ಕಿದ್ದ ಜೋಳದ ಸಿಪ್ಪೆ ತೆಗೆಯುತ್ತಿದ್ದೆ.

ಮುಂದಿನ ಬೇಸಗೆಗೆ ಆ ಮೂಲೆ ಕುಸಿಯಿತು. ಕಟ್ಟೆಯ ಮೇಲಿನ ಕಂಬ ವಾಲಿತು, ಕಟ್ಟೆಗೂ ಗೋಡೆಗೂ ನಡುವೆ ಬಿರುಕು ಬಿಟ್ಟಿತು. ಅವ್ವನ ಕೋಳಿಗೆ ಅದು ಎಷ್ಟು ಹಿಡಿಸಿತೆಂದರೆ ಅದರೊಳಗೇ ಮೊಟ್ಟೆ ಇಡತೊಡಗಿತು. ಗರಸು ಕಂಡದ್ದನ್ನು ಎಲ್ಲರೂ ನೋಡಿದ್ದರಲ್ಲ, ಹಾಗಾಗಿ ತಪ್ಪು ಪಾಯದ್ದಲ್ಲ, ಕಲ್ಲು ಇಟ್ಟ ಕೈಯದು ಎಂದು ತೀರ್ಮಾನವಾಯಿತು. ಕಾಕಾನ ಮನೆಗೆ ಕಟ್ಟೆ ಕಟ್ಟಿಕೊಡಲೇ ಎಂದು ಅಣ್ಣ ಕೇಳಿದಾಗ ಅವನು, “ನಮ್ಮನ್ಯಾಗ ಕೋಳಿ ಇಲ್ಲಪಾ, ಬ್ಯಾಡ,” ಅಂದ. ಕೂತವರೆಲ್ಲ ನಕ್ಕರು, ಅಣ್ಣನೂ ನಕ್ಕ. ಆಮೇಲೆ ಗಾರೆ ಮೆತ್ತುವ ಕರಣಿಯನ್ನು ಅಟ್ಟಕ್ಕೆ ಹಾಕಿ, ಶಿಗ್ಗಾವಿಗೆ ಹೋಗಿ ಕಾಳಿನ ಅಂಗಡಿ ಇಟ್ಟ. ಅಂಗಡಿ ಚೆನ್ನಾಗಿಯೇ ನಡೆಯಿತು. ಆದರೆ ದಾರಿಯಲ್ಲಿ ಯಾರದಾದರೂ ಗೋಡೆ ಏಳುತ್ತಿದ್ದರೆ ಅವನ ಕಾಲು ಅಲ್ಲೇ ನಿಲ್ಲುತ್ತಿದ್ದುದನ್ನು ನಾನು ನೋಡಿದ್ದೇನೆ. ನೋಡಿಯೂ ಬಾಯಿ ಬಿಡಲಿಲ್ಲ. ಮೊದಲು ಅಪ್ಪನ ಹೆದರಿಕೆ, ಆಮೇಲೆ ನಾಚಿಕೆ, ಕೊನೆಗೆ ಬರೀ ರೂಢಿ.

ಮೊನ್ನೆ ಅಣ್ಣ ಹೊಸ ಮನೆಯ ಮುಂಗಟ್ಟೆಗೆಂದು ತೋಡಿದ ಎದೆಮಟ್ಟದ ಗುಂಡಿಯಲ್ಲಿ ನಿಂತು ಮಣ್ಣು ಎತ್ತುತ್ತಿದ್ದ. ತಲೆ ನರೆತಿತ್ತು, ಮುಖ ಅರಳಿತ್ತು. ಕಲ್ಲು ಕಟ್ಟುವವರು ಯಾರು ಎಂದೆ. ನಾಳೆ ಸವಣೂರಿನಿಂದ ಗೌಂಡಿ ಬರುತ್ತಾನೆಂದ.

“ಅಗಿಯೂದಷ್ಟ ನನ್ನ ಕೆಲಸ, ತಂಗಿ. ಕಲ್ಲು ನನ್ನ ಕೈಯಾಗ ಕುಂದ್ರಂಗಿಲ್ಲ, ನಿನಗ ಗೊತ್ತೈತಲ್ಲ.”

ನಗುತ್ತಲೇ ಅಂದ. ಅವನೂ ಅದನ್ನೇ ನಂಬಿದ್ದಾನೆಂದು ನನಗೆ ತಿಳಿದದ್ದು ಆಗ. ಹೊಸ ಸೀರೆಯ ಹಂಗು ಬಿಟ್ಟು ಗುಂಡಿಯ ಅಂಚಿಗೆ ಕಾಲು ಇಳಿಬಿಟ್ಟು ಕುಳಿತೆ.

“ಅಣ್ಣಾ, ಗೌಂಡಿಗೆ ಬರಬ್ಯಾಡ ಅಂತ ಹೇಳಿ ಕಳಸು, ಕಲ್ಲು ನೀನ ಇಡು. ನಿನ್ನ ಕೈಯಾಗ ಯಾವ ಐಬೂ ಇರಲಿಲ್ಲ. ಅವತ್ತ ಆ ಮೂಲಿ ನಾ ಪೂರಾ ಅಗಿಲಿಲ್ಲ, ಎರಿ ಮ್ಯಾಲ ಗರಸು ಹರವಿ ಸೀತನಿ ತಿನ್ನಾಕ ಓಡಿದೆ. ಊರೆಲ್ಲ ನಿನಗ ನಕ್ಕಾಗೂ ಬಾಯಿ ಮುಚಿಗೊಂಡು ಕುಂತೆ. ನಂದು ತಪ್ಪಾತು, ಅಣ್ಣಾ.”