ಮಿಲಿಲೀಟರೂ ಬೀಗಿತಿಯ ಬೆಳ್ಳಿ ಒಳಲೆಯೂ

ಆಗ ನನಗೆ ನಲವತ್ತೆಂಟು. ಇಪ್ಪತ್ತು ವರ್ಷದ ಮೇಲಾಯಿತು. ಸೇರು, ಪಾವು, ಚಟಾಕು ಎಲ್ಲ ತಪ್ಪು, ಇನ್ನು ಲೀಟರೇ ಸರಿ ಎಂದು ಸರ್ಕಾರಕ್ಕೆ ಜ್ಞಾನೋದಯವಾಗಿದ್ದ ಕಾಲ. ಅಲ್ಲಿಯವರೆಗೆ ಮೈಸೂರಿನವರೆಲ್ಲ ಏನು ಕುಡಿದು ಬದುಕಿದ್ದರೋ ನಾ ಕಾಣೆ. ಅಂಗಡಿಯವನಿಗೆ ಮುದ್ರೆಯೊತ್ತಿದ ಹೊಸ ಅಳತೆ ಸಿಕ್ಕಿತು. ಅಡುಗೆಮನೆಗೆ ಸಿಕ್ಕಿದ್ದು ಬರೀ ಉಪದೇಶ. ನಮ್ಮಲ್ಲಿ ಒಂದು ಲೋಟ ಇನ್ನೊಂದರಂತಿರಲಿಲ್ಲ. ಯಜಮಾನರದು ಬಿಂದಿಗೆಗೆ ತಮ್ಮ, ನನ್ನದು ಅಂಚು ನೆಗ್ಗಿದ್ದು. ಇವುಗಳಿಗೆ ಮಿಲಿಲೀಟರು ಕಲಿಸುವವರು ಯಾರು?

ಆಗ ಮಗಳು ಸರೋಜ ಬಾಣಂತನಕ್ಕೆ ದೇವರಾಜ ಮೊಹಲ್ಲಾದ ನಮ್ಮ ಮನೆಯಲ್ಲಿದ್ದಳು. ಜ್ವರ ಹತ್ತಿ ಎದೆಹಾಲು ಬತ್ತಿತು. ಡಾಕ್ಟರು ಡಬ್ಬದ ಹಾಲಿನ ಪುಡಿ ಹೇಳಿದರು. ಪುಡಿ ಡಬ್ಬದೊಳಗಿನ ಚಮಚದಲ್ಲಿ, ನೀರು ಮಿಲಿಲೀಟರಿನಲ್ಲಿ. ಕೂಸಿಗೆ ಕುಡಿಸುವುದೋ ಮೂತಿ ಚೂಪಾದ ಪುಟ್ಟ ಬಟ್ಟಲಿನಲ್ಲಿ, ಹಿತ್ತಾಳೆಯ ಒಳಲೆಯಲ್ಲಿ. ಅಳಿಯ ಗಣಿತದಲ್ಲಿ ಪಾಸಾದವರು. ಮಿಲಿಯಿಂದ ಔನ್ಸಿಗೆ, ಔನ್ಸಿನಿಂದ ಚಟಾಕಿಗೆ ಇಳಿದಿಳಿದು, ಕೊನೆಗೆ ಒಳಲೆಯನ್ನು ಕಣ್ಣಿಗೊತ್ತಿಕೊಳ್ಳುವಷ್ಟು ಹತ್ತಿರ ಹಿಡಿದು ನೋಡಿ, ಎರಡು ಚಮಚ ಪುಡಿಗೆ ಮೂರು ಒಳಲೆ ನೀರು ಎಂದು ತೀರ್ಪು ಕೊಟ್ಟರು. ಕೂಸು ಮೈ ತುಂಬಿಕೊಂಡಿತು. ಇಲ್ಲವೆನ್ನುವುದಿಲ್ಲ.

ನಾಮಕರಣಕ್ಕೆ ಅಳಿಯನ ತಾಯಿ ಬೆಳ್ಳಿ ಒಳಲೆ ತಂದರು. ಗಾತ್ರದಲ್ಲಿ ನಮ್ಮದಕ್ಕೆ ಅದು ಅಜ್ಜನಂತಿತ್ತು. "ನಮ್ಮನೆ ಕೂಸು ಹಿತ್ತಾಳೇಲಿ ಕುಡೀಬಾರ್ದು ಕಣಮ್ಮ" ಎಂದು ಸರೋಜಳಿಗೆ ಅಪ್ಪಣೆಯಾಯಿತು. ತಾವೂ ನಮ್ಮಲ್ಲೇ ಉಳಿದು, ಹಾಲು ಕದಡುವ ಕೆಲಸವನ್ನೂ ವಹಿಸಿಕೊಂಡರು. ಒಳಲೆ ಬದಲಾಯಿತು. ಮೂರು ಮಾತ್ರ ಮೂರೇ ಉಳಿಯಿತು.

ಕೂಸು ಹಗಲೆಲ್ಲ ಅರಚತೊಡಗಿತು. ತೊಡೆಯ ಮಡಿಕೆಗಳು ಕರಗಿದವು. ಕಣ್ಣಾಗಿದೆ ಎಂದು ಬೀಗಿತಿ ಮೆಣಸಿನಕಾಯಿ ಸುಟ್ಟು ಮನೆಮಂದಿಯನ್ನೆಲ್ಲ ಕೆಮ್ಮಿಸಿದರು. ಅಳಿಯ ಬಂದು ತಮ್ಮ ಲೆಕ್ಕದ ಚೀಟಿ ಹಿಡಿದು ಕೂತರು.

"ಲೆಕ್ಕ ಸರಿಯಾಗೇ ಇದೆ ಅತ್ತೆ."

"ನಿಮ್ ಲೆಕ್ಕ ಗುಂಡಗೇ ಇದೆ ಕಣ್ರೀ. ಕಡ್ಡಿ ಆಗೋಗಿರೋದು ಕೂಸು."

ಜ್ವರ ಬಿಟ್ಟು ಅಂದೇ ಎದ್ದು ಕೂತಿದ್ದ ಸರೋಜ ಒಳಲೆಗೆ ಇಣುಕಿದಳು. "ಅಮ್ಮ, ಇದೇನು ಹಾಲೋ, ಅಕ್ಕಿ ತೊಳೆದ ನೀರೋ?"

ಹಳೆಯ ಒಳಲೆಯನ್ನು ತಂದು ಅಳಿಯನ ಮುಂದಿಟ್ಟು, ಬೆಳ್ಳಿಯದರ ತುಂಬ ನೀರು ಹಿಡಿದು ಅದಕ್ಕೆ ಸುರಿದೆ. ಅದು ತುಂಬಿತು, ಉಕ್ಕಿತು, ಅವರ ಇಸ್ತ್ರಿ ಪಂಚೆಯ ಮೇಲೆ ಹರಿಯಿತು. ಅವರು "ಓಹೋ" ಎಂದರು. ಅಷ್ಟು ಓದಿದ್ದಕ್ಕೆ ಅಷ್ಟಾದರೂ ಬಾಯಿಗೆ ಬಂತು.

ಬೀಗಿತಿ ಮಾತ್ರ ಜಗ್ಗಲಿಲ್ಲ. "ನಾ ತಂದ ಬೆಳ್ಳೀನ ಮೂಲೇಗೆ ಹಾಕ್ಬುಟ್ರೆ ನನ್ ಮರ್ಯಾದೆ ಏನಾಗ್ಬೇಕು?" ಎಂದು ಊಟ ಬಿಟ್ಟು ಮಲಗಿದರು. ಕೂಸಿನ ಹೊಟ್ಟೆಗಿಂತ ಮರ್ಯಾದೆಗೇ ಹಸಿವು ಹೆಚ್ಚು.

ಮಾರನೆಯ ಬೆಳಗ್ಗೆ ಎಲ್ಲರಿಗಿಂತ ಮೊದಲೆದ್ದು ಮಿಂದೆ. ಬೆಳ್ಳಿ ಒಳಲೆಗೆ ಕುಂಕುಮವಿಟ್ಟು ದೇವರ ಮನೆಗೆ ಸೇರಿಸಿ, ಅದರಿಂದ ದೀಪಕ್ಕೆ ಧಾರಾಳವಾಗಿ ಎಣ್ಣೆ ಹೊಯ್ದೆ. ಬೀಗಿತಿ ಬಂದು ನೋಡಿ, ಬೇರೆ ದಾರಿಯಿಲ್ಲದೆ ಕೈಮುಗಿದರು. ಎಷ್ಟು ಮಿಲಿಲೀಟರು ಎಂದು ದೇವರು ಕೇಳಲಿಲ್ಲ. ನಾನು ಹಿತ್ತಾಳೆಯದನ್ನು ತೊಳೆದುಕೊಂಡು ಕೂಸಿನ ಹತ್ತಿರ ಹೋದೆ.